ಇನ್ನೂರ ಹನ್ನೆರಡು ಗದ್ದೆ, ಒಂದು ಮುಖ

ನನಗೆ ಎಣಿಸುವ ಚಟವಿದೆ. ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಕೂತಲ್ಲೇ ಕಾಲು ಕುಣಿಸುತ್ತಾರೆ, ನಾನು ಎಣಿಸುತ್ತೇನೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ, ಕರ್ನಿ ಮೆಸಾದ ನಮ್ಮ ಆಫೀಸಿನ ಮೆಟ್ಟಿಲು ಇಪ್ಪತ್ತೆರಡು. ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಕೋಣೆಯಿಂದ ಫ್ರೀವೇ ಸೇರುವವರೆಗೆ ಸಿಗ್ನಲ್ಲು ಐದು, ಅದರಲ್ಲಿ ನನಗೆ ಹಸಿರು ಸಿಗುವುದು ಸಾಮಾನ್ಯವಾಗಿ ಎರಡು. ಇದನ್ನೆಲ್ಲ ತಾರೀಖು ಸಮೇತ ದಿನಚರಿಯಲ್ಲಿ ಬರೆದಿಡುತ್ತೇನೆ. ಇದರಿಂದ ಲೋಕಕ್ಕೆ ಏನು ಉಪಯೋಗ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಿರುತ್ತಾಳೆ. ಲೋಕಕ್ಕೆ ಉಪಯೋಗವಾಗಲಿ ಎಂದು ನಾನೂ ಹೊರಟವಳಲ್ಲ.

ಚಟ ಹತ್ತಿದ್ದು ೨೦೨೦ರಲ್ಲಿ. ಓದಲು ಸ್ಯಾನ್ ಡಿಯೇಗೋಗೆ ಬಂದು ಪೆಟ್ಟಿಗೆಯ ಬಟ್ಟೆ ಕಪಾಟು ಸೇರುವ ಹೊತ್ತಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಆ ವರ್ಷದ ದಿನಗಳೆಲ್ಲ ಒಂದೇ ಥರ ಇದ್ದವು. ಎಣಿಸದೆ ಬಿಟ್ಟರೆ ಮೆತ್ತಗಾದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು. ಆಗ ದಿನಕ್ಕೊಂದು ಗೀಟು ಎಳೆಯತೊಡಗಿದೆ. ಕಿಟಕಿಯಿಂದ ಕಂಡ ಹೆಲಿಕಾಪ್ಟರಿಗೆ ಒಂದು, ಬಾಯಿಬಿಟ್ಟು ಕನ್ನಡ ಮಾತಾಡಿದ ದಿನಕ್ಕೆ ಒಂದು. ಎರಡನೆಯ ಸಾಲಿಗಿಂತ ಮೊದಲನೆಯ ಸಾಲು ಯಾವಾಗಲೂ ಉದ್ದವಾಗಿರುತ್ತಿತ್ತು.

ವಾರಕ್ಕೊಮ್ಮೆ ಊಟ ಕಟ್ಟಿಸಿಕೊಂಡು ಬರಲು ಕರ್ನಿ ಮೆಸಾದ ಒಂದು ವಿಯೆಟ್ನಾಮಿ ನೂಡಲ್ ಅಂಗಡಿಗೆ ಹೋಗುತ್ತಿದ್ದೆ. ಒಳಗೆ ಬಿಡುತ್ತಿರಲಿಲ್ಲ. ನೆಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಒಬ್ಬರಿಂದೊಬ್ಬರು ಆರಡಿ ದೂರ ನಿಂತು, ಗಾಜಿನಾಚೆ ತೂಗುಹಾಕಿದ್ದ ಕ್ಯಾಲೆಂಡರ್ ನೋಡುತ್ತ ಕಾಯಬೇಕಿತ್ತು. ಅದರಲ್ಲೊಂದು ಗುಡ್ಡ. ಗುಡ್ಡದ ತುಂಬ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಒಂದೊಂದು ಗದ್ದೆಯಲ್ಲೂ ನೀರು, ನೀರಲ್ಲಿ ಆಕಾಶ. ತಿಂಗಳುಗಳು ಕಳೆದರೂ ಅಂಗಡಿಯವರು ಆ ಹಾಳೆ ತಿರುವಲಿಲ್ಲ. ಒಮ್ಮೆ ಕಾರಣ ಕೇಳಿದ್ದಕ್ಕೆ, ತಿರುವಿ ಏನು ಮಾಡಬೇಕು, ಮುಂದಿನ ತಿಂಗಳೂ ಇದೇ ಅಲ್ಲವೇ ಎಂದರು. ನನಗೂ ಅದು ಸರಿ ಅನ್ನಿಸಿತು. ಟೋಫು ನೂಡಲ್ಸ್ ಬರುವವರೆಗೆ ಗಾಜಿನ ಹೊರಗಿನಿಂದಲೇ ಗದ್ದೆಗಳನ್ನು ಎಣಿಸುತ್ತಿದ್ದೆ. ಎಂಬತ್ತರ ಆಸುಪಾಸಿಗೆ ಬರುವಾಗ ನನ್ನ ಹೆಸರು ಕೂಗುತ್ತಿದ್ದರು. ಒಮ್ಮೆಯೂ ಲೆಕ್ಕ ಮುಗಿಯಲಿಲ್ಲ. ಓದು ಮುಗಿದು, ಕೆಲಸ ಸಿಕ್ಕಿ, ರಜೆ ಎಂಬುದೊಂದು ಕೈಗೆ ಬಂದಾಗ, ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಶ್ರಮವೇ ಬೀಳಲಿಲ್ಲ. ಬಾಕಿ ಉಳಿದ ಲೆಕ್ಕ ಒಂದೇ ಇತ್ತು.

ಹಾಗೆ ೨೦೨೪ರ ಮೇ ಕೊನೆಯಲ್ಲಿ ಉತ್ತರ ವಿಯೆಟ್ನಾಮಿನ ಆ ಬೆಟ್ಟಗಳಿಗೆ ಹೋದೆ. ಅದು ಗದ್ದೆಗೆ ನೀರು ಕಟ್ಟುವ ಕಾಲ. ನಾಟಿ ಇನ್ನೂ ಮುಗಿದಿರಲಿಲ್ಲ. ಅರ್ಧ ಗುಡ್ಡ ಹಸಿರು, ಅರ್ಧ ಗುಡ್ಡ ಬರೀ ಆಕಾಶ. ಮೋಡಗಳು ಮೇಲೆ ಹೋಗುತ್ತಿವೆಯೋ ಕೆಳಗೆ ಹೋಗುತ್ತಿವೆಯೋ ತಿಳಿಯುತ್ತಿರಲಿಲ್ಲ. ಒಂದೊಂದು ಬದುವಿನಲ್ಲೂ ಕೈಯಗಲದ ಒಂದು ಕಂಡಿ. ಮೇಲಿನ ಗದ್ದೆಯ ನೀರು ಅದರ ಮೂಲಕ ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತಿತ್ತು. ಆ ಸದ್ದು ದಿನವಿಡೀ ಇರುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮೆಲುದನಿಯಲ್ಲಿ ಮಾತಾಡುತ್ತಿದ್ದಾರೆ, ಮಾತು ತಿಳಿಯುತ್ತಿಲ್ಲ, ಆದರೆ ಒಳ್ಳೆಯದನ್ನೇ ಮಾತಾಡುತ್ತಿದ್ದಾರೆ ಎಂಬಂತೆ.

ನಾನು ಉಳಿದುಕೊಂಡದ್ದು ಪಾಂಗ್ ಎಂಬ ಹ್ಮೊಂಗ್ ಬುಡಕಟ್ಟಿನ ಹೆಂಗಸಿನ ಮನೆಯಲ್ಲಿ. ಮೂವತ್ತರ ಒಳಗಿನ ವಯಸ್ಸು, ಚುರುಕು ಕಾಲು. ಬಂದುಹೋಗುವ ಪ್ರವಾಸಿಗರ ಬಾಯಿಂದಲೇ ಇಂಗ್ಲಿಷ್ ಕಲಿತವಳು. ಕಲಿಸಿದವರು ಹಲವು ದೇಶದವರಾದ್ದರಿಂದ ಒಂದೇ ವಾಕ್ಯದಲ್ಲಿ ಮೂರು ದೇಶದ ಉಚ್ಚಾರ ಕೇಳಿಸುತ್ತಿತ್ತು. ಮೇಲಿನ ಗದ್ದೆಯವರು ನೀರನ್ನೆಲ್ಲ ತಾವೇ ಇಟ್ಟುಕೊಂಡರೆ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ನೀರು ನೆಂಟನಿದ್ದ ಹಾಗೆ, ಕೂರಿಸಿ, ಉಪಚಾರ ಮಾಡಿ, ಕೆಳಗಿನ ಮನೆಗೆ ಕಳಿಸಬೇಕು, ಕೂಡಿಹಾಕುವುದಕ್ಕೆ ಅದೇನು ಹಂದಿಯೇ ಎಂದಳು.

ಪ್ರವಾಸದ ಪುಸ್ತಿಕೆಯಲ್ಲಿ ಈ ಊರುಗಳನ್ನು ‘ಅಲ್ಪಸಂಖ್ಯಾತ ಬುಡಕಟ್ಟುಗಳ ಹಳ್ಳಿಗಳು’ ಎಂದು ಕರೆದಿದ್ದರು. ಈ ಗುಡ್ಡದಲ್ಲಿ ಹ್ಮೊಂಗ್ ಜನ, ಎದುರು ಗುಡ್ಡದಲ್ಲಿ ಕೆಂಪು ರುಮಾಲಿನ ದಾವ್ ಜನ. ಮೊದಲ ಸಂಜೆ ಒಲೆಯ ಸುತ್ತ ಕೂತವರನ್ನು ಎಣಿಸಿದೆ. ಒಂಬತ್ತು ಜನ. ಅದರಲ್ಲಿ ಹ್ಮೊಂಗ್ ಮಾತಾಡುವವರು ಎಂಟು, ಕನ್ನಡದವಳು ಒಬ್ಬಳು. ಅಲ್ಪಸಂಖ್ಯಾತರು ಯಾರು ಎನ್ನುವುದು ನಾವು ಎಲ್ಲಿ ಕೂತು ಎಣಿಸುತ್ತೇವೆ ಎನ್ನುವುದರ ಮೇಲಿದೆ.

ಆದರೆ ಅಲ್ಪಸಂಖ್ಯಾತಳಾಗಿರುವ ಆ ಗೌರವ ನನಗೆ ಒಂದೇ ದಿನ ದಕ್ಕಿತು. ಮರುದಿನ ಬೆಳಿಗ್ಗೆ ದಾರಿಯ ತಿರುವಿನ ಕಲ್ಲಿನ ಮೇಲೆ ಕೂತು ಎದುರಿನ ಗುಡ್ಡದ ಗದ್ದೆ ಎಣಿಸುತ್ತಿದ್ದೆ. ಮೋಡ ದಟ್ಟವಾಗಿ ಮುಚ್ಚಿಕೊಂಡು ಏನೂ ಕಾಣದಾಯಿತು. ಆ ಬಿಳಿಯ ಒಳಗಿನಿಂದ ಕನ್ನಡ ಬಂತು.

“ರೀ, ಇನ್ನೂ ಎಷ್ಟು ಹತ್ಬೇಕು ಕೇಳ್ರೀ. ನನ್ನ ಮಂಡಿ ಚಾಟ್ಸ್‌ವರ್ತ್‌ನಲ್ಲೇ ಉಳ್ಕೊಂಡಿದೆ.”

ನಾನೂ ಮೋಡದೊಳಗಿನಿಂದಲೇ, “ಇನ್ನು ಮುನ್ನೂರ ನಲವತ್ತು ಹೆಜ್ಜೆ ಆಂಟಿ,” ಎಂದೆ.

ದೇವರು ಕನ್ನಡ ಮಾತಾಡಿದನೆಂದೇ ತಾನು ನಂಬಿದ್ದಾಗಿ, ಆದರೆ ಅಷ್ಟು ಸರಿಯಾದ ಲೆಕ್ಕ ಕೊಟ್ಟಾಗ ಮಾತ್ರ ಅನುಮಾನ ಬಂದದ್ದಾಗಿ ಮಂಗಳಾ ಆಂಟಿ ಆಮೇಲೆ ಹೇಳಿದರು. ಅವರು ಮತ್ತು ಅವರ ಯಜಮಾನರು ವಿಶ್ವನಾಥ ಅಂಕಲ್ ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನವರು. ಅಂಕಲ್ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ವಿಮಾನದ ಬೋಲ್ಟುಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಇಪ್ಪತ್ತೆಂಟು ವರ್ಷ ಸರಿಯಿಲ್ಲದ್ದನ್ನು ಹೆಕ್ಕಿ ಎಸೆದೂ ಎಸೆದೂ ಬೇಜಾರಾಗಿಹೋಗಿತ್ತೋ ಏನೋ, ನಿವೃತ್ತಿಯ ಮೇಲೆ ಏನನ್ನೂ ಎಸೆಯುವುದಿಲ್ಲವೆಂದು ತೀರ್ಮಾನಿಸಿದ್ದರು. ಕೈಯಲ್ಲಿ ಕ್ಯಾಮೆರಾ; ಎದುರು ಬಂದದ್ದಕ್ಕೆಲ್ಲ ಕ್ಲಿಕ್. ಅವರೂ ಪಾಂಗ್‌ಳ ಮನೆಗೇ ಬಂದವರು. ಸಂಜೆಯ ಹೊತ್ತಿಗೆ ಒಲೆಯ ಮುಂದೆ ನಾವು ಮೂವರು ಕನ್ನಡದವರು, ಆಂಟಿಯ ಚೀಲದ ಅವಲಕ್ಕಿ, ಚಟ್ನಿಪುಡಿ.

ಈಗ ಅಜ್ಜಿಯ ವಿಷಯಕ್ಕೆ ಬರಬೇಕು.

ಪಾಂಗ್‌ಳ ಅಜ್ಜಿ ಮನೆಯ ಬಾಗಿಲ ಬಳಿ ಕೂತು ದಿನವೆಲ್ಲ ಸೆಣಬಿನ ಬಟ್ಟೆಗೆ ನೀಲಿ ಹಾಕುತ್ತಿದ್ದಳು. ನೀಲಿಗಿಡದ ಬಣ್ಣದಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಅದ್ದುವುದು. ಮಣಿಕಟ್ಟಿನವರೆಗೆ ಎರಡೂ ಕೈ ನೀಲಿ. ಎಡಗಣ್ಣಿನ ಮೇಲೆ ಪೊರೆ ಬೆಳೆದು ಹಾಲಿನ ಬಣ್ಣಕ್ಕೆ ತಿರುಗಿತ್ತು; ಬಲಗಣ್ಣಿಗೂ ಶುರುವಾಗಿತ್ತು. ಪ್ರವಾಸಿಗರು ಕೇಳದೆ ಕ್ಯಾಮೆರಾ ಎತ್ತಿದರೆ ಮುಖ ತಿರುಗಿಸಿಬಿಡುತ್ತಿದ್ದಳು. ನನ್ನ ಮೇಲೆ ಮಾತ್ರ ಅವಳಿಗೆ ಏನೋ ಕುತೂಹಲ. ಈ ಹುಡುಗಿ ಗುಡ್ಡದ ಕಡೆ ಪೆನ್ನು ಆಡಿಸುತ್ತ ಏನು ಮಾಡುತ್ತಾಳೆ ಎಂದು ಮೊಮ್ಮಗಳನ್ನು ಕೇಳಿದಳಂತೆ. ಗದ್ದೆ ಎಣಿಸುತ್ತಾಳೆ ಎಂದದ್ದಕ್ಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮಳೆಗೆ ಒಂದು ಬದು ಕುಸಿದರೆ ಎರಡು ಗದ್ದೆ ಒಂದಾಗುತ್ತದೆ, ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬೇರೆಯಾದರೆ ಒಂದು ಗದ್ದೆ ಎರಡಾಗುತ್ತದೆ; ಅದು ನಿಲ್ಲುವ ಲೆಕ್ಕವಲ್ಲ ಎಂದಳು. ಆಮೇಲೆ ಕೇಳಿದಳು, “ಎಣಿಸಿ ಮುಗಿಸಿದ ಮೇಲೆ ಏನು ಮಾಡ್ತಾಳಂತೆ?”

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಆ ಸಂಜೆ ಒಲೆಯ ಪಕ್ಕದ ಕಂಬದ ಮೇಲೆ ಇದ್ದಿಲಿನಿಂದ ಎಳೆದ ಗೀಟುಗಳು ಕಣ್ಣಿಗೆ ಬಿದ್ದವು. ಗೀಟು ಎಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ನಲವತ್ತೇಳು ಇದ್ದವು, ಅದರಲ್ಲಿ ಆರಕ್ಕೆ ಅಡ್ಡಗೆರೆ. ಕೇಳಿದ್ದಕ್ಕೆ ಪಾಂಗ್ ನಾಚಿಕೊಂಡಳು. ಇಲ್ಲಿ ಫೋಟೋ ತೆಗೆದವರು ಎಲ್ಲರೂ ಊರಿಗೆ ಹೋದ ಮೇಲೆ ಕಳಿಸುತ್ತೇವೆ ಎನ್ನುತ್ತಾರೆ. ಹಾಗೆಂದವರಿಗೆ ಒಂದು ಗೀಟು. ಫೋಟೋ ಬಂದರೆ ಅಡ್ಡಗೆರೆ. ಬೇಜಾರಾಗುವುದಿಲ್ಲವೇ ಎಂದೆ. “ಯಾರೂ ಸುಳ್ಳು ಹೇಳಲ್ಲ,” ಎಂದಳು. “ಇಲ್ಲಿ ಕೂತಾಗ ನಿಜವಾಗಿಯೇ ಹೇಳ್ತಾರೆ. ದಾರಿ ದೂರ ಅಲ್ವಾ, ಮಾತಿಗೆ ಸುಸ್ತಾಗುತ್ತೆ.”

ನನ್ನಂತೆಯೇ ಗೀಟು ಎಳೆಯುವವಳೊಬ್ಬಳು ಸಿಕ್ಕ ಸಂತೋಷದಲ್ಲಿ, ನಾನು ಕಳಿಸುತ್ತೇನೆ, ಬರೆದಿಟ್ಟುಕೊಳ್ಳುತ್ತೇನೆ ಎಂದೆ. ಆಗ ಅಜ್ಜಿ ಒಲೆಯಿಂದ ಮುಖ ತಿರುಗಿಸಿ, ತನ್ನ ಫೋಟೋ ತೆಗೆದು ಕಳಿಸುತ್ತೀಯಾ ಎಂದು ಕೇಳಿದಳು. ಕಾಗದದ ಮೇಲೆ, ದೊಡ್ಡದಾಗಿ. ಅಜ್ಜಿ ತಾನಾಗಿ ಕೇಳಿದ್ದು ಅದೇ ಮೊದಲು ಎಂದು ಪಾಂಗ್ ಬೆರಗಾದಳು.

ಕಾರಣವನ್ನು ಅಜ್ಜಿಯೇ ಹೇಳಿದಳು, ಮೊಮ್ಮಗಳು ಇಂಗ್ಲಿಷಿಗೆ ತಂದಳು, ನಾನು ಆಂಟಿಗೋಸ್ಕರ ಕನ್ನಡಕ್ಕೆ ತಂದೆ. ಅಜ್ಜಿಯ ತಾಯಿ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಫೋಟೋ ಇಲ್ಲ. ವಯಸ್ಸಾದಂತೆ ನೀನು ನಿನ್ನ ತಾಯಿಯೇ ಆಗಿಬಿಟ್ಟೆ ಎಂದು ಹಳ್ಳಿಯ ಮುದುಕಿಯರೆಲ್ಲ ಹೇಳುತ್ತಾರೆ. ಅದು ನಿಜವೇ ಎಂದು ನೋಡಬೇಕು, ಬಲಗಣ್ಣು ಇರುವಾಗಲೇ. ಕಂಬಕ್ಕೆ ತೂಗುಹಾಕಿದ್ದ ಪುಟ್ಟ ಕನ್ನಡಿಯನ್ನು ಆಂಟಿ ತೋರಿಸಿದಾಗ ಅಜ್ಜಿ ತಲೆಯಾಡಿಸಿದಳು.

“ಕನ್ನಡಿಯಲ್ಲಿ ನಾನೇ ನನ್ನನ್ನ ನೋಡ್ತಾ ಇರ್ತೀನಿ. ಅಮ್ಮ ಹಾಗೆ ನೋಡ್ತಿರಲಿಲ್ಲ.”

ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಜಾಸ್ತಿ ಎಂದರು. ನಾನು ದಿನಚರಿ ತೆಗೆದು ಬರೆದೆ: ಅಜ್ಜಿಯ ಫೋಟೋ, ದೊಡ್ಡದು, ಕಾಗದದ ಮೇಲೆ. ಮುಂದೆ ಒಂದು ಚೌಕ ಹಾಕಿ ಖಾಲಿ ಬಿಟ್ಟೆ, ಕೆಲಸ ಆದ ಮೇಲೆ ಗುರುತು ಹಾಕಲು. ಪಾಂಗ್ ಎದ್ದು ಕಂಬದ ಮೇಲೆ ನಲವತ್ತೆಂಟನೆಯ ಗೀಟು ಎಳೆದಳು.

ಮರುದಿನ ಬೆಳಿಗ್ಗೆ ಅಜ್ಜಿ ಹಬ್ಬದ ಅಂಗಿ ತೊಟ್ಟು ಬಾಗಿಲಲ್ಲಿ ಕೂತಳು, ಗುರುತಿನ ಚೀಟಿಗೆ ಕೂತವಳ ಹಾಗೆ ಬಿಗಿಯಾಗಿ. ಮೂರು ಫೋಟೋ ತೆಗೆದೆ. ಇನ್ನೊಂದು ಎಂದಾಗ ಸಾಕು ಎಂದು ಕೈಯೆತ್ತಿದಳು. ನಮ್ಮ ಮೂವರ ಜೀಪು ಬರಲು ಇನ್ನೂ ಸಮಯವಿತ್ತು. ಮೋಡವೂ ಸರಿದಿತ್ತು. ಜಗಲಿಯ ತುದಿಯಲ್ಲಿ ಕೂತು, ಮಡಿಲಲ್ಲಿ ದಿನಚರಿ ಬಿಡಿಸಿಟ್ಟುಕೊಂಡು, ಕಡೆಯ ಬಾರಿ ಎಣಿಸತೊಡಗಿದೆ. ಇನ್ನೂರ ಹನ್ನೆರಡಕ್ಕೆ ಬಂದಾಗ ಜೀಪಿನ ಹಾರನ್ ಕೇಳಿತು. ಸಂಖ್ಯೆ ಬರೆದು ಎದ್ದೆ. ಆ ಪುಟದಲ್ಲಿ ಒಂದು ನೀಲಿ ಕಲೆ ಬಿದ್ದದ್ದನ್ನು ಜೀಪಿನಲ್ಲಿ ಕಂಡು ಕೆಳಗೆ ಬರೆದುಕೊಂಡೆ: ಪೆನ್ನು ಸೋರುತ್ತಿದೆ, ಬದಲಿಸಬೇಕು.

ಇನ್ನು ನನ್ನ ತಪ್ಪಿನ ವಿಷಯ. ಇದು ಸೋಮಾರಿಗಳು ಮಾಡಬಹುದಾದ ತಪ್ಪಲ್ಲ. ಇದನ್ನು ಮಾಡಲು ಶಿಸ್ತು ಬೇಕು.

ಫೋಟೋಗಳ ಬಗ್ಗೆ ನನಗೊಂದು ನಿಯಮವಿದೆ: ಪ್ರವಾಸ ಮುಗಿಸಿ ಮನೆ ಸೇರುವುದರೊಳಗೆ ಹತ್ತರಲ್ಲಿ ಒಂಬತ್ತನ್ನು ಅಳಿಸಬೇಕು. ಅಲುಗಿದ್ದು, ಮಸುಕಾದದ್ದು, ಕಣ್ಣು ಮುಚ್ಚಿದ್ದು, ಒಂದೇ ಥರದ್ದು ಎಂದು ನಾಲ್ಕು ವಿಭಾಗ. ಹಿಂದಿರುಗುವಾಗ ವಿಮಾನದಲ್ಲಿ, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ, ಕಿಟಕಿಯಾಚೆ ಮೋಡದ ಮೆಟ್ಟಿಲುಗಳು ಇಳಿಯುತ್ತಿದ್ದಾಗ, ನಾನು ಆ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದೆ. ಅಳಿಸಿದವು ಮತ್ತೆ ಬಾರದಂತೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ದಿನಚರಿಯಲ್ಲಿ ಲೆಕ್ಕವಿದೆ: ಕಣ್ಣು ಮುಚ್ಚಿದವು, ಮೂವತ್ತೊಂದು. ಆ ಮೂವತ್ತೊಂದರಲ್ಲಿ ಎರಡು ಅಜ್ಜಿಯವು. ಮೂರನೆಯದು ಅಲುಗಿದ ವಿಭಾಗದಲ್ಲಿ ಹೋಯಿತು. ಬಾಗಿಲಲ್ಲಿ ಬಿಸಿಲಿತ್ತು, ಪೊರೆ ಬಂದ ಕಣ್ಣು ಬೆಳಕಿಗೆ ಮುಚ್ಚಿಕೊಳ್ಳದೆ ಇನ್ನೇನು ಮಾಡೀತು? ಆದರೆ ನನ್ನ ನಿಯಮದಲ್ಲಿ ಪೊರೆಗೆ ವಿನಾಯಿತಿ ಇರಲಿಲ್ಲ.

ಇದು ಗೊತ್ತಾದದ್ದು ಮನೆಗೆ ಬಂದ ಮೂರನೆಯ ದಿನ, ಖಾಲಿ ಚೌಕಕ್ಕೆ ಗುರುತು ಹಾಕಲು ಹೊರಟಾಗ. ಇರುವ ಫೋಟೋಗಳನ್ನೆಲ್ಲ ನಾಲ್ಕು ಸಲ ನೋಡಿದೆ. ಗದ್ದೆಗಳಿದ್ದವು. ಒಂದಕ್ಕಿಂತ ಒಂದು ಸ್ಪಷ್ಟವಾದ, ಅಲುಗದ, ಕಣ್ಣೇ ಇಲ್ಲದ ಗದ್ದೆಗಳು.

ಆಮೇಲಿನ ತಿಂಗಳುಗಳು ಒಂದು ಥರ ಕನಸಿನಲ್ಲಿ ಕಳೆದವು. ಗದ್ದೆ ನನ್ನನ್ನು ಬಿಡಲಿಲ್ಲ. ಫೋರ್ ಎಸ್ ರ್ಯಾಂಚಿನಲ್ಲಿ ಗುಡ್ಡವನ್ನು ಮೆಟ್ಟಿಲಾಗಿ ಕಡಿದು ಮನೆ ಕಟ್ಟಿದ್ದಾರೆ. ಒಂದು ಸಾಲಿನ ಹಿತ್ತಲು ಮುಗಿಯುವಲ್ಲಿ ಕೆಳಗಿನ ಸಾಲಿನ ಹೆಂಚು ಶುರು. ಮೊದಲು ಅದು ಬರೀ ಮನೆಗಳ ಸಾಲಾಗಿತ್ತು. ಈಗ ಸಂಜೆ ಎಲ್ಲರ ಹಿತ್ತಲಲ್ಲೂ ಸ್ಪ್ರಿಂಕ್ಲರ್ ಶುರುವಾದರೆ, ಯಾರೋ ಮೇಲಿನಿಂದ ನೀರು ಬಿಟ್ಟರು ಎನಿಸುತ್ತಿತ್ತು. ಫ್ರೀವೇಯಲ್ಲಿ ಏರಿನ ಮೇಲೆ ನಿಂತ ಕಾರುಗಳ ಕೆಂಪು ದೀಪ, ಎದುರು ಗುಡ್ಡದ ದಾವ್ ಹೆಂಗಸರ ರುಮಾಲುಗಳ ಸಾಲು. ಆಫೀಸಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ, ಅವರಿಗೆ ಗದ್ದೆಗಳನ್ನು ವರ್ಣಿಸಿದರೆ, “ಅದನ್ನು ನೋಡ್ಲಿಕ್ಕೆ ಅಷ್ಟು ದೂರ ಹೋದದ್ದಾ ಮಾರಾಯ್ತಿ? ನಮ್ಮಲ್ಲಿ ಗದ್ದೆ ಇಲ್ವಾ?” ಎಂದರು. ಆಮೇಲೆ ಕಾಫಿ ಆರುವವರೆಗೆ ಪಾಠ ಮಾಡಿದರು. ಅವರ ಕಡೆ ತಗ್ಗಿನ ಗದ್ದೆಗೆ ಬೈಲು, ನಡುವಿನದಕ್ಕೆ ಮಜಲು, ಎತ್ತರದ್ದಕ್ಕೆ ಬೆಟ್ಟು. ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ ಹೆಸರು, ಹೆಸರಿನ ಮೇಲೆ ಬೆಳೆ. ಬೆಂಗಳೂರಿನ ನಾಲ್ಕನೆಯ ಮಹಡಿಯಲ್ಲಿ ಬೆಳೆದ ನನಗೆ ಅಕ್ಕಿ ಎಂದರೆ ಚೀಲದಲ್ಲಿ ಹುಟ್ಟುವ ಪದಾರ್ಥ. ಗದ್ದೆಗೂ ಮನುಷ್ಯರ ಹಾಗೆ ಹೆಸರಿರುತ್ತದೆ ಎಂದು ಆಗಲೇ ತಿಳಿದದ್ದು. ನಾನು ಎಣಿಸಿದ ಇನ್ನೂರ ಹನ್ನೆರಡರಲ್ಲಿ ಒಂದರ ಹೆಸರನ್ನೂ ಕೇಳಿರಲಿಲ್ಲ.

ಪಾಂಗ್‌ಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಅವಳ ಫೋನಿನ ಕ್ಯಾಮೆರಾ ಒಡೆದಿತ್ತು; ಮಾತು, ಮೆಸೇಜು ಮಾತ್ರ ನಡೆಯುತ್ತಿದ್ದವು. ಸ್ವಲ್ಪ ತಡವಾಗುತ್ತದೆ ಎಂದು ಬರೆದೆ. ಮತ್ತೊಮ್ಮೆ ಬರೆದೆ. ಐದು ಸಲ ಹಾಗೆ ಬರೆದಿದ್ದೇನೆ, ತಾರೀಖುಗಳಿವೆ. ಪ್ರತಿ ಸಲವೂ ಅವಳದು ಒಂದೇ ಉತ್ತರ: ಆಗಲಿ, ದಾರಿ ದೂರ. ಅದನ್ನು ಓದಿದಾಗಲೆಲ್ಲ ನಲವತ್ತೆಂಟನೆಯ ಗೀಟು ನನ್ನ ಬೆನ್ನ ಮೇಲೇ ಎಳೆದಂತಾಗುತ್ತಿತ್ತು. ಇನ್ನೊಮ್ಮೆ ಯಾರಿಂದಲಾದರೂ ತೆಗೆಸಬಹುದೇ ಎಂದು ಸುತ್ತಿಬಳಸಿ ಕೇಳಿದೆ. ಅಜ್ಜಿ ಒಪ್ಪುವುದಿಲ್ಲ, ಒಮ್ಮೆ ಕೂತಾಯಿತಲ್ಲ, ಆ ಹುಡುಗಿ ಬರೆದಿಟ್ಟುಕೊಂಡಿದ್ದಾಳೆ, ಕಳಿಸುತ್ತಾಳೆ ಎನ್ನುತ್ತಾಳೆ ಎಂದು ಉತ್ತರ ಬಂತು.

ಜನವರಿಯಲ್ಲಿ ಪಾಂಗ್ ತಾನಾಗಿ ಒಂದು ಮೆಸೇಜು ಕಳಿಸಿದಳು. ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಬೆಳಕಿನಲ್ಲಿ ಹತ್ತಿರ ಹಿಡಿದರೆ ಇನ್ನೂ ಕಾಣುತ್ತದೆ. ಅಷ್ಟೇ ಇದ್ದದ್ದು. ಬೇಗ ಕಳಿಸು ಎಂದು ಕೂಡ ಬರೆದಿರಲಿಲ್ಲ.

ಆ ಭಾನುವಾರ ದಿನಚರಿಯಲ್ಲಿ ಒಂದು ಪಟ್ಟಿ ಮಾಡಿದೆ: ಆ ಬೆಳಿಗ್ಗೆ ಆ ಜಗಲಿಯಲ್ಲಿ ಕ್ಯಾಮೆರಾ ಇದ್ದವರು. ಪಟ್ಟಿಯಲ್ಲಿ ಒಂದೇ ಹೆಸರು ಬಂತು. ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕವೂ ಇತ್ತು. ಫೋಟೋ ನೋಡಲು ಬಾರಮ್ಮ ಎಂದು ವಿಶ್ವನಾಥ ಅಂಕಲ್ ನನ್ನನ್ನು ಕರೆದದ್ದು ಆರು ಸಲ. ನಾನು ತಪ್ಪಿಸಿಕೊಂಡದ್ದು ಆರು ಸಲ. ಬೇರೆಯವರ ಪ್ರವಾಸದ ಫೋಟೋಗಳನ್ನು ಅವರ ಸೋಫಾದಲ್ಲಿ ಕೂತು ನೋಡಿದ ಅನುಭವ ನಿಮಗೂ ಇರಬಹುದು. ನಾನು ಹೇಡಿಯಲ್ಲ, ಆದರೂ.

ಫೋನ್ ಮಾಡಿ ಆಂಟಿಗೆ ಎಲ್ಲವನ್ನೂ ಒಪ್ಪಿಸಿದೆ. ಆಂಟಿ, “ಬೈಬೇಕು ನಿನ್ನ, ಆದ್ರೆ ಫೋನಲ್ಲಿ ಬೈದ್ರೆ ತೃಪ್ತಿ ಆಗಲ್ಲ. ಊಟಕ್ಕೆ ಬಾ,” ಎಂದರು.

ಸ್ಯಾನ್ ಡಿಯೇಗೋದಿಂದ ಚಾಟ್ಸ್‌ವರ್ತ್ ನೂರ ನಲವತ್ತು ಮೈಲಿಯ ಡ್ರೈವ್. ಬಲಕ್ಕೆ ಒಣ ಗುಡ್ಡಗಳು, ಎಡಕ್ಕೆ ಸಮುದ್ರ, ಆಮೇಲೆ ಲಾಸ್ ಏಂಜಲೀಸಿನ ಕೊನೆಯಿಲ್ಲದ ಟ್ರಾಫಿಕ್. ಆ ದಿನ ನಾನು ಏನನ್ನೂ ಎಣಿಸಲಿಲ್ಲ; ಮೈಲಿ ಕೂಡ ಕಾರೇ ಎಣಿಸಿದ್ದು. ಬಿಸಿಬೇಳೆಬಾತು ತಿಂದ ಮೇಲೆ ಅಂಕಲ್ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಕಿಟಕಿಯ ಪರದೆ ಎಳೆದರು. ನೇರವಾಗಿ ಆ ಬೆಳಗಿನ ಫೋಟೋಗಳಿಗೆ ಹೋಗೋಣವೇ ಎಂದು ಮೆಲ್ಲಗೆ ಕೇಳಿದೆ. ಎಲ್ಲಿದೆ ಎಂದು ತಮಗೂ ಗೊತ್ತಿಲ್ಲ, ತಮ್ಮ ಕ್ಯಾಮೆರಾದ ತಾರೀಖು ಯಾವತ್ತೂ ಸರಿಯಿರಲಿಲ್ಲ, ಮೊದಲಿಂದಲೇ ನೋಡಬೇಕು ಎಂದರು. ಒಟ್ಟು ನಾಲ್ಕು ಸಾವಿರದ ಚಿಲ್ಲರೆ.

ನೋಡತೊಡಗಿದೆವು. ವಿಮಾನದ ರೆಕ್ಕೆ, ಹೋಟೆಲಿನ ಇಡ್ಲಿಯಲ್ಲದ ತಿಂಡಿಗಳು, ಮಂಜು, ಇನ್ನಷ್ಟು ಮಂಜು. ನಡುನಡುವೆ ಪರದೆಯ ತುಂಬ ಗುಲಾಬಿ ಬಣ್ಣದ ದೊಡ್ಡ ಗುಡ್ಡವೊಂದು ಬಂದುಹೋಗುತ್ತಿತ್ತು. “ಅದು ಇವರ ಹೆಬ್ಬೆರಳು,” ಎಂದರು ಆಂಟಿ. “ಅದಕ್ಕೇ ಒಂದು ಆಲ್ಬಮ್ ಮಾಡಬಹುದು ನೋಡು.” ಅಂಕಲ್ ಅದನ್ನು ಕಿವಿಗೆ ಹಾಕಿಕೊಳ್ಳದೆ, ಇರಮ್ಮ, ಇದಕ್ಕೊಂದು ಕಥೆ ಇದೆ ಎಂದು ಹೆಬ್ಬೆರಳಿನ ಹಿಂದಿದ್ದ ಸೇತುವೆಯ ಕಥೆ ಹೇಳಿದರು. ಮೊದಲ ಒಂದು ಗಂಟೆ ನಾನು ಗಡಿಯಾರ ನೋಡುತ್ತಿದ್ದೆ. ಆಮೇಲೆ ಏನಾಯಿತೋ, ಕತ್ತಲ ಕೋಣೆಯಲ್ಲಿ ಗದ್ದೆಯ ಮೇಲೆ ಗದ್ದೆ ಇಳಿದುಬರುತ್ತ, ಒಂದರ ಬೆಳಕು ಇನ್ನೊಂದಕ್ಕೆ ಹರಿಯುತ್ತ, ಅಂಕಲ್‌ರ ದನಿ ಕಂಡಿಯ ನೀರಿನಂತೆ ಸಣ್ಣಗೆ ಸಾಗುತ್ತ, ನಾನು ಮತ್ತೆ ಆ ಮೋಡದೊಳಗೇ ಕೂತಂತಾಯಿತು. ಸರಿಯಿಲ್ಲದ ಫೋಟೋಗಳಲ್ಲೇ ಆ ಊರು ಹೆಚ್ಚು ಇತ್ತು. ಅಲುಗಿದ ಕೋಳಿ, ಅರ್ಧ ಬಿದ್ದ ಬಿದಿರ ಬೇಲಿ, ಯಾರದೋ ನಗುವಿನ ತುದಿ. ನನ್ನ ನಿಯಮದ ಪ್ರಕಾರ ಇವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಮೂರನೆಯ ಗಂಟೆಯಲ್ಲಿ ಆಂಟಿ, “ನಿಲ್ಸಿ, ನಿಲ್ಸಿ,” ಎಂದರು.

ಪಾಂಗ್‌ಳ ಮನೆಯ ಜಗಲಿ. ಹೊರಡುವ ಮೊದಲು ಮನೆಯ ಹಿರಿಯ ಹೆಂಗಸಿಗೆ ಕುಂಕುಮ ಕೊಡದೆ ಬರುವವರಲ್ಲ ಮಂಗಳಾ ಆಂಟಿ. ಅವರ ಕೈಚೀಲದಲ್ಲಿ ಪುಟ್ಟ ಭರಣಿಯೊಂದು ಯಾವಾಗಲೂ ಇರುತ್ತದೆ. ಅಜ್ಜಿಗೆ ಗಂಡ ಇದ್ದಾನೋ ಇಲ್ಲವೋ ಎಂದು ಅವರು ಕೇಳಿರಲಿಲ್ಲ, ಕೇಳುವ ಯೋಚನೆಯೂ ಬಂದಿರಲಿಲ್ಲ. ಫೋಟೋದಲ್ಲಿ ಆಂಟಿಯ ಕೈ ಆಗಷ್ಟೇ ಹಿಂದೆ ಸರಿದಿದೆ. ಅಜ್ಜಿಯ ಹಣೆಯಲ್ಲಿ ಕೆಂಪು ಬೊಟ್ಟು. ಅಜ್ಜಿ ಕ್ಯಾಮೆರಾ ನೋಡುತ್ತಿಲ್ಲ. ಪಕ್ಕಕ್ಕೆ ಬಾಗಿ, ಬಾಯಿ ತೆರೆದು, ಎರಡೂ ಕಣ್ಣು ಅರಳಿಸಿ ನಗುತ್ತಿದ್ದಾಳೆ. ನಗುತ್ತಿರುವುದು ಪಕ್ಕದಲ್ಲಿ ಕೂತ ಒಂದು ಹುಡುಗಿಯನ್ನು ನೋಡಿ. ಹುಡುಗಿ ದೂರದ ಗುಡ್ಡದ ಕಡೆ ಪೆನ್ನು ಎತ್ತಿ ಹಿಡಿದಿದ್ದಾಳೆ, ತುಟಿ ಸಂಖ್ಯೆಯೊಂದರ ಮೇಲಿದೆ. ಅವಳ ಮಡಿಲಲ್ಲಿ ತೆರೆದ ಪುಸ್ತಕ. ಆ ಪುಟದ ಮೇಲೆ ಅಜ್ಜಿ ತನ್ನ ನೀಲಿ ಬೆರಳನ್ನು ಒತ್ತುತ್ತಿದ್ದಾಳೆ, ತುಂಟ ಮಗುವಿನ ಹಾಗೆ.

ಚೀಲದಿಂದ ದಿನಚರಿ ತೆಗೆದು ಆ ಪುಟ ಬಿಡಿಸಿದೆ. ಇನ್ನೂರ ಹನ್ನೆರಡರ ಕೆಳಗೆ ನೀಲಿ ಕಲೆ, ಅದರ ಕೆಳಗೆ ನನ್ನ ಅಕ್ಷರ: ಪೆನ್ನು ಸೋರುತ್ತಿದೆ. ಪರದೆಯ ಬೆಳಕಿಗೆ ಹಿಡಿದು ನೋಡಿದರೆ ಕಲೆಯಲ್ಲಿ ಬೆರಳಿನ ಗೆರೆಗಳಿದ್ದವು. ಏಳು ತಿಂಗಳು ಹಿಡಿದುಕೊಂಡು ತಿರುಗಿದ್ದೇನೆ, ಒಮ್ಮೆಯೂ ನೋಡಿಲ್ಲ. ಪಾಪದ ಪೆನ್ನನ್ನು ಎಸೆದೂಬಿಟ್ಟಿದ್ದೆ.

“ನನ್ನ ಕುಂಕುಮ ಎಷ್ಟು ಚೆನ್ನಾಗಿ ಬಂದಿದೆ ನೋಡ್ರೀ,” ಎಂದರು ಆಂಟಿ. ಆಮೇಲೆ ನನ್ನ ಕಡೆ ನೋಡಿ ಬೈಯುವ ಕಾರ್ಯಕ್ರಮವನ್ನು ಕೈಬಿಟ್ಟರು.

ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡೋಣ, ನಾನು ಅಲ್ಲಿ ಯಾಕೆ ಎಂದೆ. ಅಂಕಲ್ ಒಪ್ಪಲಿಲ್ಲ. “ಕತ್ತರಿಸ್ಬೇಡಮ್ಮ. ಅವ್ರು ಯಾರನ್ನ ನೋಡಿ ನಗ್ತಿದ್ದಾರೆ ಅಂತ ಗೊತ್ತಾಗೋದು ಬೇಡ್ವಾ?” ಹಾಗಾಗಿ ಎರಡು ಪ್ರಿಂಟ್ ಹಾಕಿಸಿದೆ: ಪೊರೆ ಬಂದ ಕಣ್ಣಿಗೆ ಕಾಣುವಂತೆ ಮುಖವೇ ತುಂಬಿದ್ದು ಒಂದು, ಇಡೀ ಜಗಲಿ ಇರುವುದು ಒಂದು. ಎರಡು ರಟ್ಟುಗಳ ನಡುವೆ ಇಟ್ಟು, ಬೆಟ್ಟದ ಕೆಳಗಿನ ಪೇಟೆಯಲ್ಲಿ ಪಾಂಗ್ ಹೇಳಿದ್ದ ಚಹಾ ಅಂಗಡಿಯ ವಿಳಾಸಕ್ಕೆ ಪೋಸ್ಟ್ ಮಾಡಿದೆ. ಜೊತೆಗೆ ಒಂದು ಚೀಟಿಯಲ್ಲಿ, ನಾನು ತೆಗೆದ ಮೂರನ್ನೂ ನಾನೇ ಅಳಿಸಿದೆ, ತಪ್ಪಾಯಿತು ಎಂದು ಬರೆದೆ. ಅದಾದ ಮೇಲೆ ಮೂವತ್ತೆಂಟು ದಿನ ಕಾದೆ. ಆ ಮೂವತ್ತೆಂಟು ದಿನವೂ ನನಗಿದ್ದ ಹೆದರಿಕೆ ಒಂದೇ: ದಾರಿಯಲ್ಲಿ ಫೋಟೋಗೆ ಸುಸ್ತಾಗದಿರಲಿ, ಅಲ್ಲಿ ಕಣ್ಣಿಗೆ ಸುಸ್ತಾಗದಿರಲಿ.

ಮೂವತ್ತೊಂಬತ್ತನೆಯ ದಿನ ಸಂಜೆ ಆಫೀಸಿನಿಂದ ಇಳಿದು ಕಾರಿನ ಬಳಿ ಬಂದಾಗ ಪಾಂಗ್‌ಳ ದನಿಯ ಸಂದೇಶ ಫೋನಿಗೆ ಬಂದಿತ್ತು. ಅಲ್ಲಿ ಆಗಲೇ ಮರುದಿನದ ಬೆಳಗು. ಹಿಂದೆ ಕೋಳಿ ಕೂಗುತ್ತಿತ್ತು, ನೀರೂ ಕೇಳುತ್ತಿತ್ತು. ಅಜ್ಜಿ ದೊಡ್ಡ ಮುಖದ ಫೋಟೋವನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಓರೆಯಾಗಿ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ತುಂಬ ಹೊತ್ತು ನೋಡಿದಳಂತೆ. ಪಾಂಗ್ ಹಿಂದೆ ನಿಂತೇ ಇದ್ದಳಂತೆ, ಮಾತಾಡಲು ಭಯವಾಗಿ.

“ಆಮೇಲೆ ‘ಬಂದಿದ್ದಾಳೆ’ ಅಂದ್ಲು ಅಜ್ಜಿ. ಅಷ್ಟೇ ಅಂದ್ಲು. ಒಳಗೆ ಹೋಗಿ ತನ್ನ ಅಮ್ಮನಿಗೆ ಅನ್ನ ಬಡಿಸಿ ಫೋಟೋ ಮುಂದೆ ಇಟ್ಲು.”

ಪಾರ್ಕಿಂಗಿನಲ್ಲಿ ನನ್ನ ಸುತ್ತ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಸಂದೇಶ ಇನ್ನೂ ಮುಗಿದಿರಲಿಲ್ಲ. ಊಟವಾದ ಮೇಲೆ ಅಜ್ಜಿ ಎರಡನೆಯ ಫೋಟೋ ತೆಗೆದುಕೊಂಡು, ಬೆರಳಾಡಿಸುತ್ತ ಹೋಗಿ, ನನ್ನ ಮೇಲೆ ಬೆರಳು ನಿಲ್ಲಿಸಿ ಏನೋ ಕೇಳಿ ನಕ್ಕಳಂತೆ. ಪಾಂಗ್ ತಾನೂ ನಗುತ್ತಿದ್ದಳು. ಕಂಬದ ಮೇಲೆ ಅಡ್ಡಗೆರೆ ಎಳೆದಾಯಿತು, ಏಳು ಆಯಿತು, ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಬೇಕು ಎಂದಳು.

“ಆ ಹುಡುಗಿ ಎಣಿಸಿ ಮುಗಿಸಿದ್ಲಾ ಅಂತ ಕೇಳ್ತಾಳೆ.”

ಇಲ್ಲ, ಇನ್ನೂರ ಹನ್ನೆರಡಕ್ಕೇ ನಿಂತಿದೆ ಎಂದು ಹೇಳು ಎಂದೆ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು. ಅಜ್ಜಿ ಒಳ್ಳೆಯದಾಯಿತು ಎಂದಳಂತೆ; ಮೊನ್ನೆ ಒಂದು ಬದು ಕುಸಿದಿದೆ, ಬಂದರೆ ಮತ್ತೆ ಮೊದಲಿಂದ ಎಣಿಸಬೇಕಾಗುತ್ತದೆ, ಅವಸರವಿಲ್ಲ.

ಕಾರಿನಲ್ಲಿ ಕೂತು ದಿನಚರಿ ತೆರೆದೆ. ಖಾಲಿ ಚೌಕಕ್ಕೆ ಗುರುತು ಹಾಕಿದೆ. ‘ಪೆನ್ನು ಸೋರುತ್ತಿದೆ’ ಎಂಬುದನ್ನು ಹೊಡೆದುಹಾಕಿ, ನೀಲಿ ಬೆರಳಿನ ಪಕ್ಕದಲ್ಲಿ ‘ಒಳ್ಳೆಯದಾಯಿತು’ ಎಂದು ಬರೆದೆ. ಬರೆದು, ತಲೆಯೆತ್ತಿ ಒಂದಿಷ್ಟು ಹೊತ್ತು ಸುಮ್ಮನೆ ಹೊರಗೆ ನೋಡುತ್ತ ಕೂತೆ. ಎಷ್ಟು ಹೊತ್ತು ಎಂದರೆ, ಏಳು ನಿಮಿಷ.